ಲಾಂಡ್ರಿ ಅಕ್ಕ ಮತ್ತು ನನ್ನ ಒಂಬತ್ತನೇ ನಿಯಮ

ಕಾಲೇಜಿನಲ್ಲಿ ನನಗೊಂದು ಅಡ್ಡಹೆಸರಿದೆ: ಬಾಗಿಲು ಮೇಡಂ. ಅದು ನನ್ನ ಕಿವಿಗೆ ಬಿದ್ದಿಲ್ಲ ಎಂದು ಮಕ್ಕಳು ತಿಳಿದುಕೊಂಡಿದ್ದಾರೆ. ಇಪ್ಪತ್ತಮೂರು ವರ್ಷದಿಂದ ಇಲ್ಲಿ ಪಾಠ ಮಾಡುತ್ತಿದ್ದರೂ ನನ್ನ ಕಿವಿಗೆ ಚೆನ್ನಾಗಿಯೇ ಕೇಳಿಸುತ್ತದೆ. ಬೆಳಿಗ್ಗೆ ಎಂಟು ಗಂಟೆಗೆ ಸಾಮಾನ್ಯ ಗಣಿತದ ತರಗತಿ, ಎಂಟು ಐದಕ್ಕೆ ನಾನು ಬಾಗಿಲು ಹಾಕಿ ಒಳಗಿನಿಂದ ಚಿಲಕ ಸಿಕ್ಕಿಸುತ್ತೇನೆ. ಆಮೇಲೆ ಬಂದವರು ಪ್ರಿನ್ಸಿಪಾಲರ ಸ್ವಂತ ಮಗನಾದರೂ ಹೊರಗೇ. ಒಮ್ಮೆ ಅವರ ಮಗ ಹಾಗೆ ಹೊರಗೆ ನಿಂತದ್ದೂ ಆಯಿತು, ಅವರು ನನ್ನ ಜೊತೆ ಒಂದು ವಾರ ಮಾತು ಬಿಟ್ಟದ್ದೂ ಆಯಿತು. ನಾನು ಅದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ.

ಈ ಬರಹ ನನ್ನ ಬಗ್ಗೆ ಅಲ್ಲ, ಅದೇ ಬಾಗಿಲಿನ ಆಚೆ ಒಂದು ದಿನ ನಿಂತಿದ್ದ ಹೆಂಗಸಿನ ಬಗ್ಗೆ. ಆದರೆ ಅವರ ಬಗ್ಗೆ ಬರೆಯೋಣವೆಂದು ಕೂತಾಗಲೆಲ್ಲ ನನ್ನ ತಪ್ಪೇ ಮೊದಲು ಬಂದು ಕುರ್ಚಿ ಎಳೆದುಕೊಂಡು ಕೂರುತ್ತದೆ.

ತರಗತಿಯಲ್ಲಿ ಎಲ್ಲರೂ ಅವರನ್ನು ಅಕ್ಕ ಅನ್ನುತ್ತಿದ್ದರು. ಹದಿನೆಂಟು ಹತ್ತೊಂಬತ್ತರ ಮಕ್ಕಳ ನಡುವೆ ನಲವತ್ತಾರು ವರ್ಷದವರು ಇವರೊಬ್ಬರೇ. ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ರಾತ್ರಿ ಪಾಳಿ ಏಳೂವರೆಗೆ ಮುಗಿಯುತ್ತಿತ್ತು, ಅಲ್ಲಿಂದ ನಡೆದೇ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಬಿಸಿ ಆವಿಯಲ್ಲಿ ನೆನೆದು ನೆನೆದು ಅವರ ಬೆರಳ ತುದಿಗಳ ಚರ್ಮ ಬಿಳಿಚಿಕೊಂಡು ಸುಲಿದಿರುತ್ತಿತ್ತು. ಪೆನ್ನು ಹಿಡಿದರೆ ಉರಿಯುತ್ತದೆಂದು ಅದಕ್ಕೆ ಬಟ್ಟೆಯ ಚೂರು ಸುತ್ತಿಕೊಂಡಿದ್ದರು. ಆಸ್ಪತ್ರೆಯ ಔಷಧದ ಉಗ್ರಾಣದಲ್ಲಿ ಒಂದು ಜಾಗ ಖಾಲಿಯಾಗುವುದಿತ್ತು. ಅದಕ್ಕೆ ಕಾಲೇಜಿನ ಸಾಮಾನ್ಯ ಗಣಿತ ಪಾಸಾಗಿರಬೇಕು. ಯಾಕೆ ಈ ತರಗತಿಗೆ ಸೇರಿದಿರಿ ಎಂದು ಮೊದಲ ದಿನ ಎಲ್ಲರನ್ನೂ ಕೇಳಿದಾಗ ಅವರು ಎದ್ದು ನಿಂತು ಅಷ್ಟನ್ನೇ ಹೇಳಿದರು. "ಆವಿಯಿಂದ ಹೊರಗೆ ಬರಬೇಕು ಮೇಡಂ, ಡಾಕ್ಟ್ರೂ ಅದನ್ನೇ ಹೇಳಿದಾರೆ" ಎಂದು ಸೇರಿಸಿ, ಕೆಮ್ಮಿ, ಕೂತರು.

ಮೊದಲ ದಿನ ನಾನು ಪಾಠ ಮಾಡುವವಳಲ್ಲ. ಹನ್ನೊಂದು ನಿಯಮಗಳ ಹಾಳೆಯನ್ನು ಹಂಚಿ, ಗಟ್ಟಿಯಾಗಿ ಓದಿ, ಎಲ್ಲರ ಸಹಿ ಹಾಕಿಸಿಕೊಳ್ಳುತ್ತೇನೆ. ಒಂದೊಂದು ನಿಯಮದ ಹಿಂದೆಯೂ ಯಾರೋ ಒಬ್ಬ ಪುಣ್ಯಾತ್ಮ ಇದ್ದಾನೆ. ಫೋನಿನ ನಿಯಮ ಪರೀಕ್ಷೆಯ ಮಧ್ಯೆ ಅತ್ತಿಗೆಯ ಜೊತೆ ಜಗಳವಾಡಿದವನಿಂದ ಬಂತು. ಪೆನ್ಸಿಲಿನ ನಿಯಮ, ಉತ್ತರ ಅಳಿಸಿ ತಿದ್ದಿಕೊಂಡು ಬಂದು ನನ್ನ ಮೇಲೇ ಕೂಗಾಡಿದವಳಿಂದ. ಏಳನೆಯದು ಎಲ್ಲಕ್ಕಿಂತ ದಯೆಯ ನಿಯಮ ಎಂದು ನನ್ನ ನಂಬಿಕೆ: ವರ್ಷಕ್ಕೆ ಐದು ಪರೀಕ್ಷೆ, ಒಂದೊಂದಕ್ಕೂ ನೂರು ಅಂಕ, ಅತಿ ಕಡಿಮೆ ಬಂದದ್ದೊಂದನ್ನು ಬಿಟ್ಟು ಉಳಿದ ನಾಲ್ಕರ ಸರಾಸರಿ ತೆಗೆಯುವುದು. ಐವತ್ತು ಬಂದರೆ ಪಾಸು. ಹಾಗಾಗಿ ಒಂದು ಪರೀಕ್ಷೆ ತಪ್ಪಿಸಿಕೊಂಡರೆ ಅದಕ್ಕೆ ಸೊನ್ನೆ. ಆ ಸೊನ್ನೆಯೇ ಬಿಟ್ಟುಹೋಗುವುದರಿಂದ ಯಾರಿಗೂ ನಷ್ಟವಿಲ್ಲ, ನನಗೂ ಹೊಟ್ಟೆನೋವಿನ ಕಥೆ ಕೇಳುವ ಕಷ್ಟವಿಲ್ಲ. ಇನ್ನು ಒಂಬತ್ತನೆಯದು. ಫಲಿತಾಂಶದ ಪಟ್ಟಿ ಹಾಕಿದ ಮೇಲೆ ಅಂಕದ ಬಗ್ಗೆ ಯಾರೂ ಬಂದು ಮಾತಾಡಕೂಡದು. ಒಂದು ವರ್ಷ ಒಬ್ಬನ ಇಡೀ ಮನೆತನವೇ ಬಂದು ಸ್ಟಾಫ್ ರೂಮಿನಲ್ಲಿ ಎರಡು ಗಂಟೆ ನನ್ನ ತಲೆ ತಿಂದಿತ್ತು, ಅವತ್ತು ಹುಟ್ಟಿದ ನಿಯಮ ಅದು.

ಅಕ್ಕ ಹಾಳೆಯನ್ನು ಬೆರಳಿಟ್ಟು ಎರಡು ಸಲ ಓದಿದರು. ಆಮೇಲೆ ಕೈಯೆತ್ತಿದರು.

"ಎಂಟೂ ಐದು ಅಂದ್ರೆ ಯಾವ ಗಡಿಯಾರದಲ್ಲಿ ಮೇಡಂ? ನಿಮ್ಮ ಕೈದಾ, ಗೋಡೇದಾ?"

"ಗೋಡೇದು" ಎಂದೆ.

"ಅದು ಎರಡು ನಿಮಿಷ ಮುಂದಿದೆ. ಪರವಾಗಿಲ್ಲ, ನಾನು ಅದಕ್ಕೇ ಹೊಂದಿಸ್ಕೋತೀನಿ."

ಹುಡುಗರು ನಕ್ಕರು. ನಾನು ನಗಲಿಲ್ಲ, ಗಡಿಯಾರವನ್ನು ಸರಿ ಮಾಡಲೂ ಇಲ್ಲ.

ಲೆಕ್ಕ ಅವರಿಗೆ ಸಲೀಸಾಗಿ ಬರುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಆದರೆ ಒಮ್ಮೆ ಬಂದದ್ದು ಹೋಗುತ್ತಿರಲಿಲ್ಲ. ಶೇಕಡಾ ಪಾಠ ಮಾಡಿದ ದಿನ ಹುಡುಗರೆಲ್ಲ ಕಣ್ಣು ಕಣ್ಣು ಬಿಡುತ್ತಿದ್ದರೆ, ಅಕ್ಕ ಹಿಂದಿನಿಂದ ಅಂದರು: "ನೂರು ಹೊದಿಕೆ ಒಗೆದ್ರೆ ಏಳು ಹರಿದಿರುತ್ತೆ. ಇನ್ನೂರೈವತ್ತು ಒಗೆದ್ರೆ ಹದಿನೇಳೂವರೆ. ಅರ್ಧ ಹೊದಿಕೆ ಹೇಗೆ ಹರಿಯುತ್ತೆ ಅಂತ ನನ್ನ ಕೇಳ್ಬೇಡಿ." ಬೀಜಗಣಿತದ ಎಕ್ಸ್ ಬಂದಾಗ ಮಾತ್ರ ಅವರಿಗೂ ಎಕ್ಸಿಗೂ ಎರಡು ವಾರ ಜಗಳ. "ಆಸಾಮಿ ಯಾರು ಅಂತಲೇ ಗೊತ್ತಿಲ್ಲ, ಅವನಿಗೆ ಮೂರು ಪಾಲು ಕೊಡು ಅಂತೀರಲ್ಲ ಮೇಡಂ!" ಅವರ ಮಗಳೂ ಓದುತ್ತಿದ್ದಳು, ಬೇರೆ ಕಾಲೇಜಿನಲ್ಲಿ. ಸಂಜೆ ಹೊತ್ತು ಅಡುಗೆಮನೆಯ ಮೇಜಿನ ಆ ಕಡೆ ಮಗಳು, ಈ ಕಡೆ ತಾಯಿ. ಅಮ್ಮ ತಪ್ಪು ಮಾಡಿದರೆ ಮಗಳು ಪುಸ್ತಕದಿಂದ ಮುಖ ಎತ್ತದೆ "ಹ್ಞೂ, ಹ್ಞೂ, ಇನ್ನೊಂದ್ಸಲ ನೋಡು" ಅನ್ನುತ್ತಿದ್ದಳಂತೆ. ಇದನ್ನು ಅಕ್ಕ ಬಲು ಜಂಬದಿಂದ ಹೇಳುತ್ತಿದ್ದರು.

ನಾನು ತರಗತಿಯಲ್ಲಿ ಯಾರನ್ನೂ ಹಚ್ಚಿಕೊಳ್ಳುವವಳಲ್ಲ. ಆದರೂ ಪಾಠ ಅರ್ಥವಾಯಿತೋ ಇಲ್ಲವೋ ಎಂದು ತಿಳಿಯಲು ಕೊನೆಯ ಬೆಂಚಿನ ಆ ಮುಖವನ್ನೇ ನೋಡುವ ಅಭ್ಯಾಸವಾಗಿಬಿಟ್ಟಿತ್ತು.

ಮೂರನೇ ಪರೀಕ್ಷೆಯ ದಿನ ಆ ಜಾಗ ಖಾಲಿ ಇತ್ತು. ಎಂಟು ಐದಾಯಿತು. ಬಾಗಿಲು ಹಾಕಿದೆ. ಪ್ರಶ್ನೆಪತ್ರಿಕೆ ಹಂಚುವಷ್ಟರಲ್ಲಿ ಬಾಗಿಲಿನ ಗಾಜಿನ ಆಚೆ ಅಕ್ಕ ಬಂದು ನಿಂತರು. ಆಸ್ಪತ್ರೆಯ ನೀಲಿ ಕೋಟನ್ನು ಕೂಡ ಬಿಚ್ಚಿರಲಿಲ್ಲ, ಕೂದಲು ಒದ್ದೆಯಾಗಿ ಹಣೆಗೆ ಅಂಟಿತ್ತು, ಓಡಿ ಬಂದಿದ್ದರೆಂದು ಭುಜ ನೋಡಿದರೇ ತಿಳಿಯುತ್ತಿತ್ತು. ಗೋಡೆ ಗಡಿಯಾರದಲ್ಲಿ ಎಂಟು ಆರು. ಅಂದರೆ ನಿಜವಾಗಿ ಎಂಟು ನಾಲ್ಕು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಅವರು ಬಾಗಿಲು ತಟ್ಟಲಿಲ್ಲ. ಸುಮ್ಮನೆ ನನ್ನ ಕಡೆ ನೋಡಿದರು. ನಾನು ಆಗುವುದಿಲ್ಲ ಎಂದು ತಲೆಯಾಡಿಸಿದೆ. ಅವರು ಸರಿ ಎಂಬಂತೆ ತಲೆಯಾಡಿಸಿ ಪಕ್ಕಕ್ಕೆ ಸರಿದರು.

ಅವರು ಗೋಗರೆದಿದ್ದರೆ ಬೈದು ಹಗುರವಾಗುತ್ತಿದ್ದೆ. ಗೋಗರೆಯಲಿಲ್ಲವಲ್ಲ, ಅದಕ್ಕೇ ನನಗೆ ಸಿಟ್ಟು ನೆತ್ತಿಗೇರಿತು. ಇವರೂ ಹೀಗೇನಾ, ಇಷ್ಟು ಓದಿ ಇವತ್ತೇ ತಡವಾಗಿ ಬರಬೇಕಾ ಎಂದು ಮನಸ್ಸಿನಲ್ಲೇ ಬೈದುಕೊಂಡು, ಮೇಜಿನ ಮೇಲಿದ್ದ ಅಂಕದ ಪುಸ್ತಕ ತೆರೆದು, ಅವರ ಸಾಲಿನ ಮೂರನೇ ಚೌಕದಲ್ಲಿ ಕೆಂಪು ಶಾಯಿಯಿಂದ ಒಂದು ಗೆರೆ ಎಳೆದೆ. ಗೈರುಹಾಜರಾದ ಬೇರೆಯವರಿಗೆ ನಾನು ಮನೆಯಲ್ಲಿ ನಿಧಾನವಾಗಿ ಕೂತು ಸೊನ್ನೆ ಬರೆಯುತ್ತೇನೆ. ಅವತ್ತೂ ಉಳಿದ ಇಬ್ಬರಿಗೆ ಹಾಗೇ ಬರೆದೆ. ಗೆರೆ ಬಿದ್ದದ್ದು ಅಕ್ಕ ಒಬ್ಬರಿಗೇ.

ಪರೀಕ್ಷೆ ಮುಗಿದು ಬಾಗಿಲು ತೆರೆದಾಗ ಅವರು ಇನ್ನೂ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದರು.

"ಮೇಡಂ, ಬಾಯ್ಲರ್…"

"ಕಾರಣ ಬೇಡ ರೀ. ಏಳನೇ ನಿಯಮ ಇದೆಯಲ್ಲ, ಒಂದು ಬಿಟ್ಟುಹೋಗುತ್ತೆ. ಇನ್ನೆರಡು ಚೆನ್ನಾಗಿ ಬರೀರಿ."

"ಆಯ್ತು ಮೇಡಂ. ಪ್ರಶ್ನೆಪತ್ರಿಕೆ ಒಂದು ಕೊಡಿ, ಮನೇಲಿ ಮಾಡಿ ನೋಡ್ತೀನಿ."

ಇನ್ನೆರಡನ್ನೂ ಅವರು ಚೆನ್ನಾಗಿಯೇ ಬರೆದರು. ಎಕ್ಸಿನ ಪರೀಕ್ಷೆಯಲ್ಲಿ ಅರವತ್ತೆರಡು ಬಂದಾಗ ಹುಡುಗಿಯರು ಅವರನ್ನು ತಬ್ಬಿಕೊಂಡು ಕುಣಿದರು, ಅಕ್ಕ ನಾಚಿಕೊಂಡು "ಬಿಡ್ರೇ, ಬಿಡ್ರೇ, ಬೆನ್ನು ನೋಯುತ್ತೆ" ಎಂದರು.

ವರ್ಷದ ಕೊನೆಗೆ ಪಟ್ಟಿ ಹಾಕಿದೆ. ಅಕ್ಕನ ಹೆಸರಿನ ಮುಂದೆ ನಲವತ್ತಮೂರು. ನನಗೆ ಸ್ವಲ್ಪ ಆಶ್ಚರ್ಯವಾಯಿತು, ಆದರೆ ನಲವತ್ತೊಂದು ಜನರ ಅಂಕ ಕೂಡಿ ಭಾಗಿಸಿದ ದಣಿವಿನಲ್ಲಿ ಆ ಆಶ್ಚರ್ಯಕ್ಕೆ ಹೆಚ್ಚು ಹೊತ್ತು ಬಾಳಿಕೆ ಇರಲಿಲ್ಲ. ಫಲಕದ ಮುಂದೆ ಅವರು ತುಂಬಾ ಹೊತ್ತು ನಿಂತಿದ್ದರು. ನಾನು ಆ ದಾರಿಯಲ್ಲೇ ಬರಬೇಕಾಯಿತು. ಏನೋ ಹೇಳಲು ಬಾಯಿ ತೆರೆದವರು ಮತ್ತೆ ಮುಚ್ಚಿ, "ಬರ್ತೀನಿ ಮೇಡಂ" ಎಂದಷ್ಟೇ ಅಂದರು. ನಾನು ಏನು ಹೇಳಿದೆ ಗೊತ್ತೇ? "ಮುಂದಿನ ಸಲ ಇನ್ನಷ್ಟು ಮನಸ್ಸಿಟ್ಟು ಓದಿ" ಎಂದೆ. ಈಗ ನೆನೆಸಿಕೊಂಡರೆ ನನ್ನ ಬಾಯಿಗೇ ಒಂದು ಬಾರಿಸಿಕೊಳ್ಳೋಣ ಅನಿಸುತ್ತದೆ.

ಐದು ತಿಂಗಳು ಕಳೆಯಿತು. ಹೊಸ ವರ್ಷದ ನಿಯಮದ ಹಾಳೆ ಅಚ್ಚಿಗೆ ಕೊಡಬೇಕಿತ್ತು. ಆಫೀಸಿನ ಗುಮಾಸ್ತರು, "ಏಳನೇ ನಿಯಮ ಮಕ್ಕಳಿಗೆ ತಲೆಗೇ ಹತ್ತಲ್ಲ ಮೇಡಂ, ನನ್ನ ಹತ್ರ ಬಂದು ಪ್ರಾಣ ತಿಂತಾರೆ. ಒಂದು ಉದಾಹರಣೆ ಹಾಕ್ಬಿಡಿ" ಎಂದರು. ಒಳ್ಳೆಯ ಮಾತೇ. ಹಳೆಯ ಅಂಕದ ಪುಸ್ತಕ ತೆರೆದೆ. ಒಂದು ಪರೀಕ್ಷೆ ತಪ್ಪಿದವರ ಸಾಲು ಬೇಕಿತ್ತು, ಕೆಂಪು ಗೆರೆ ತಟ್ಟನೆ ಕಣ್ಣಿಗೆ ಬಿತ್ತು. ನಲವತ್ತೆಂಟು, ಐವತ್ತಾರು, ಗೆರೆ, ಐವತ್ತನಾಲ್ಕು, ಅರವತ್ತೆರಡು. ಗೆರೆ ಬಿಟ್ಟು ಉಳಿದ ನಾಲ್ಕನ್ನು ಕೂಡಿದೆ. ಇನ್ನೂರಿಪ್ಪತ್ತು. ನಾಲ್ಕರಿಂದ ಭಾಗಿಸಿದರೆ ಐವತ್ತೈದು. ಸಾಲಿನ ಕೊನೆಯಲ್ಲಿ ನನ್ನದೇ ಕೈಬರಹದಲ್ಲಿ ನಲವತ್ತಮೂರು.

ಮತ್ತೆ ಕೂಡಿದೆ. ಅದೇ ಐವತ್ತೈದು. ಆಗ ಗಮನಿಸಿದೆ: ನಲವತ್ತೆಂಟರ ಸುತ್ತ ನಾನು ನೀಲಿ ಸುತ್ತು ಹಾಕಿದ್ದೆ. ಅತಿ ಕಡಿಮೆ ಅಂಕಕ್ಕೆ ಸುತ್ತು ಹಾಕಿ ಬಿಡುವುದು ನನ್ನ ಪದ್ಧತಿ. ಗೆರೆ ಅಂಕೆಯಂತೆ ಕಾಣದ್ದರಿಂದ ಕಣ್ಣು ಅದನ್ನು ಹಾರಿ, ಇದ್ದ ಅಂಕಿಗಳಲ್ಲಿ ಕಡಿಮೆಯದನ್ನು ಸುತ್ತಿತ್ತು. ಗೆರೆಯೂ ಹೋಯಿತು, ನಲವತ್ತೆಂಟೂ ಹೋಯಿತು. ಉಳಿದ ಮೂರನ್ನು ಕೂಡಿ ನಾಲ್ಕರಿಂದ ಭಾಗಿಸಿದ್ದೆ. ಸೊನ್ನೆಯೂ ಒಂದು ಸಂಖ್ಯೆ ಎಂದು ವರ್ಷ ವರ್ಷ ಗಂಟಲು ಹರಿದುಕೊಳ್ಳುವವಳು ನಾನು.

ಗುಮಾಸ್ತರು ಇಣುಕಿ ನೋಡಿ ಮೆಲ್ಲಗೆ ಅಂದರು: "ಯಾರೂ ಬಂದು ಕೇಳಿಲ್ಲ ತಾನೇ ಮೇಡಂ? ಹಳೇದು. ಬಿಟ್ಬಿಡಿ."

ಆ ಮಾತಿಗೆ ನಾನು ರೇಗಬೇಕಿತ್ತು. ರೇಗಲಿಲ್ಲ. ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದೆ. ಹನ್ನೊಂದು ದಿನ ಯಾರಿಗೂ ಏನೂ ಹೇಳಲಿಲ್ಲ. ಆ ಹನ್ನೊಂದು ದಿನ ಇಪ್ಪತ್ತಮೂರು ವರ್ಷದ ಪುಸ್ತಕಗಳನ್ನೆಲ್ಲ ಅಟ್ಟದಿಂದ ಇಳಿಸಿ ಸಾಲು ಸಾಲಾಗಿ ಪರೀಕ್ಷಿಸಿದೆ. ಪ್ರಾಮಾಣಿಕತೆಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಆಸ್ಪತ್ರೆಯ ದಾರಿ ಹಿಡಿಯುವುದನ್ನು ಮುಂದೂಡಲು ಅದೊಂದು ನೆಪ. ಬೇರೆ ಎಲ್ಲೂ ತಪ್ಪು ಸಿಗಲಿಲ್ಲ. ಸಿಕ್ಕಿದ್ದರೆ ನಾನೊಬ್ಬ ದಡ್ಡಿ ಎಂದುಕೊಂಡು ಸುಮ್ಮನಾಗಬಹುದಿತ್ತು. ಒಬ್ಬರಿಗೆ ಮಾತ್ರ ಆಗಿದೆ, ಅದೂ ನನ್ನ ಸಿಟ್ಟಿನಿಂದ ಆಗಿದೆ ಎಂದು ಖಾತ್ರಿಯಾದ ಮೇಲೆ ಮುಂದೂಡಲು ನೆಪವೂ ಉಳಿಯಲಿಲ್ಲ.

ನಮ್ಮ ಮನೆಯವರು ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದಾರೆ. ಹನ್ನೆರಡನೇ ದಿನ ಬೆಳಿಗ್ಗೆ ಅವರಿಗೆ ಹೇಳಿದೆ.

"ಲೆಕ್ಕದ ಮೇಡಂಗೇ ಲೆಕ್ಕ ತಪ್ತಾ!" ಎಂದು ನಗಲು ಶುರು ಮಾಡಿದವರು ನನ್ನ ಮುಖ ನೋಡಿ ನಿಲ್ಲಿಸಿದರು. "ಆಯ್ತು, ಹೋಗಿ ಹೇಳಿ ಬಾ."

"ಏನಂತ ಹೇಳ್ಲಿ?"

"ಇದ್ದದ್ದು ಹೇಳು. ಬೈದ್ರೆ ಬೈಸ್ಕೊ. ನನ್ನ ಗಿರಾಕಿಗಳ ಹತ್ರ ನಾನು ಬೈಸ್ಕೊಳ್ಳಲ್ವಾ?"

ಅವತ್ತೇ ಪ್ರಿನ್ಸಿಪಾಲರಿಗೆ ಪತ್ರ ಬರೆದು ಕೊಟ್ಟೆ. ತಪ್ಪು ನನ್ನದು, ಹೀಗೆ ಆಯಿತು, ತಿದ್ದಬೇಕು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದು ಹೊರಗೆ ಹೋದ್ರೆ ನಾಳೆ ಎಲ್ಲರೂ ಹಳೇ ಪಟ್ಟಿ ತೆಗೀರಿ ಅಂತಾರಲ್ಲ ಮೇಡಂ?"

"ತೆಗೀಲಿ ಸಾರ್. ನಾನು ಆಗ್ಲೇ ಎಲ್ಲಾ ತೆಗೆದು ನೋಡಿದೀನಿ."

ಎರಡು ದಿನದಲ್ಲಿ ಹೊಸ ಅಂಕಪಟ್ಟಿ ಸಿದ್ಧವಾಯಿತು. ಐವತ್ತೈದು, ಉತ್ತೀರ್ಣ, ಸಹಿ, ಮೊಹರು. ಹೊಸ ಹಾಳೆಯಿಂದ ಒಂಬತ್ತನೇ ನಿಯಮವನ್ನು ತೆಗೆಸಿ, ತಪ್ಪು ಕಂಡರೆ ಎಂದಾದರೂ ಬಂದು ಕೇಳಬಹುದು ಎಂದು ಬರೆಸಿದೆ. ಸ್ಟಾಫ್ ರೂಮಿನಲ್ಲಿ ಯಾರೋ "ಬಾಗಿಲು ಮೇಡಂ ಮೆತ್ತಗಾದ್ರು" ಅಂದದ್ದು ಕೇಳಿಸಿತು. ಮಧ್ಯಾಹ್ನ ಆಸ್ಪತ್ರೆಗೆ ಹೊರಟಾಗ ಒಳಗೊಳಗೇ ಒಂದು ಸಮಾಧಾನ. ಕಾಗದ ಕೊಡುತ್ತೇನೆ, ಕ್ಷಮೆ ಕೇಳುತ್ತೇನೆ, ಅವರು ಎರಡು ಮಾತು ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಲಾಂಡ್ರಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಬಾಗಿಲು ತಳ್ಳಿದ ಕೂಡಲೇ ಬಿಸಿ ಆವಿ ಮುಖಕ್ಕೆ ರಾಚಿ ನನ್ನ ಕನ್ನಡಕ ಮಂಜಾಯಿತು. ಒರೆಸಿಕೊಂಡು ನೋಡಿದರೆ, ಸಾಲಾಗಿ ದೊಡ್ಡ ದೊಡ್ಡ ಒಗೆಯುವ ಯಂತ್ರಗಳು, ಒದ್ದೆ ಬಟ್ಟೆ ತುಂಬಿದ ಗಾಲಿಬಂಡಿಗಳು. ಆ ತುದಿಯಲ್ಲಿ ಉದ್ದನೆಯ ಮೇಜಿನ ಮುಂದೆ ಅಕ್ಕ ಇನ್ನೊಬ್ಬ ಹೆಂಗಸಿನ ಜೊತೆ ಹೊದಿಕೆ ಮಡಚುತ್ತಿದ್ದರು. ಈಗ ಹಗಲು ಪಾಳಿಯಂತೆ. ಮೊದಲಿಗಿಂತ ಸೊರಗಿದ್ದರು. ಹತ್ತು ಹೊದಿಕೆಗೊಮ್ಮೆ ಅಡ್ಡಲಾಗಿ ಒಂದನ್ನು ಇಟ್ಟು ಎಣಿಸುತ್ತಿದ್ದರು.

"ಅಯ್ಯೋ ಮೇಡಂ! ಇಲ್ಲಿಗ್ಯಾಕೆ ಬಂದ್ರಿ? ಯಾರಿಗೆ ಹುಷಾರಿಲ್ಲ?"

"ಯಾರಿಗೂ ಏನಿಲ್ಲ. ನಿಮ್ಮನ್ನೇ ನೋಡೋಕೆ ಬಂದೆ."

ಯಂತ್ರಗಳ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಹೊರಗಿನ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದರು, ಅಲ್ಲಿದ್ದ ಒಂದೇ ಸ್ಟೂಲನ್ನು ಕೋಟಿನಿಂದ ಒರೆಸಿ ನನಗೆ ಕೊಟ್ಟರು. ನಾನು ಕೂರಲಿಲ್ಲ. ದಾರಿಯುದ್ದಕ್ಕೂ ಉರು ಹೊಡೆದಿದ್ದ ಮಾತೆಲ್ಲ ಮರೆತುಹೋಗಿ, "ನಾನು ನಿಮ್ಮ ಲೆಕ್ಕ ತಪ್ಪು ಮಾಡ್ಬಿಟ್ಟೆ ರೀ. ನಿಮಗೆ ಬರಬೇಕಾಗಿದ್ದು ಐವತ್ತೈದು. ನೀವು ಪಾಸಾಗಿದ್ರಿ" ಎಂದು ಒಂದೇ ಉಸಿರಿಗೆ ಹೇಳಿ ಕಾಗದ ಮುಂದೆ ಹಿಡಿದೆ.

ಅವರು ಕಾಗದ ತೆಗೆದುಕೊಳ್ಳಲಿಲ್ಲ. ಆವಿಗೆ ಕೈ ಒದ್ದೆಯಾಗಿದೆ ಎಂದು ದೂರದಿಂದಲೇ ಬಗ್ಗಿ ಓದಿದರು.

"ನಂಗೂ ಐವತ್ತೈದೇ ಬಂದಿತ್ತು ಮೇಡಂ."

ನನಗೆ ಅರ್ಥವಾಗಲಿಲ್ಲ. "ಅಂದ್ರೆ?"

"ಪಟ್ಟಿ ಹಾಕಿದ ದಿನ ಮನೆಗೆ ಹೋಗಿ ಕೂಡಿ ನೋಡಿದ್ದೆ. ಮೂರು ಸಲ ಮಾಡ್ದೆ. ಮೂರು ಸಲಾನೂ ಐವತ್ತೈದೇ ಬಂತು."

"ಮತ್ಯಾಕ್ರೀ ಬಂದು ಕೇಳ್ಲಿಲ್ಲ?"

"ಮಾತಾಡಬಾರದು ಅಂತ ಹಾಳೇಲಿ ಇತ್ತಲ್ಲ, ಸಹಿ ಬೇರೆ ಹಾಕಿದ್ದೆ." ಆಮೇಲೆ ಸೇರಿಸಿದರು, "ಅದೂ ಅಲ್ದೆ, ನೀವು ತಪ್ಪು ಮಾಡ್ತೀರಾ ಅಂತ ಹೇಗೆ ಅಂದ್ಕೊಳ್ಳೋದು ಮೇಡಂ? ನಂಗೇ ಸರಾಸರಿ ಅನ್ನೋದು ತಲೆಗೆ ಹತ್ತಿಲ್ಲ, ಒಂದು ವರ್ಷ ಕೂತು ಕೇಳಿದ್ರೂ ಹತ್ತಿಲ್ಲ ಅಂದ್ಕೊಂಡೆ. ಮಗಳಿಗೂ ತೋರಿಸ್ಲಿಲ್ಲ, ನಾಚಿಕೆ ಆಯ್ತು. ಪುಸ್ತಕ ಎಲ್ಲಾ ಕಟ್ಟಿ ಇಟ್ಬಿಟ್ಟೆ."

ನಿಮ್ಮದೇ ಸರಿ, ನನ್ನದೇ ತಪ್ಪು ಎಂದು ಎರಡೆರಡು ಸಲ ಹೇಳಿದೆ. ಅವರು ಹೌದಾ, ಹೌದಾ ಎಂದು ಕೇಳಿ, "ಹಾಗಾದ್ರೆ ನಾನು ಮಾಡಿದ್ದು ಸರಿ ಇತ್ತು" ಎಂದು ತಮಗೆ ತಾವೇ ಹೇಳಿಕೊಂಡರು. ಮುಖ ಒಂದು ಕ್ಷಣ ಅರಳಿತು. ಅದನ್ನು ನೋಡಿ ನನಗೂ ಧೈರ್ಯ ಬಂದು, ಬಾಯಿಗೆ ಬರದೆ ಒದ್ದಾಡುತ್ತಿದ್ದ ಪ್ರಶ್ನೆಯನ್ನು ಕೇಳಿದೆ.

"ಆ ಉಗ್ರಾಣದ ಕೆಲಸ? ಅದಿನ್ನೂ ಇದೆಯಾ? ಈ ಕಾಗದ ತೋರಿಸಿ, ನಾನೂ ಜೊತೆಗೆ ಬರ್ತೀನಿ, ಯಾರ ಹತ್ರ ಬೇಕಾದ್ರೂ ಹೇಳ್ತೀನಿ."

"ಅದು ತುಂಬಿ ಮೂರು ತಿಂಗಳಾಯ್ತು ಮೇಡಂ. ಇನ್ನು ಸದ್ಯಕ್ಕೆ ಯಾವುದೂ ಇಲ್ಲ."

"ಪಾಸಾಗಿಲ್ಲ ಅಂತ ನಿಮಗೆ ಕೊಡ್ಲಿಲ್ಲ, ಅಲ್ವಾ?"

"ಇಲ್ಲ, ಹಾಗೇನಿಲ್ಲ. ಅವರದ್ದೇನೂ ತಪ್ಪಿಲ್ಲ." ಅಕ್ಕ ಗೋಡೆಗೆ ಒರಗಿ ಕೆಮ್ಮು ನಿಲ್ಲುವವರೆಗೆ ಕಾದರು. "ಉಗ್ರಾಣದ ಯಜಮಾನ್ರು ಒಳ್ಳೆಯವರು. ನನ್ನ ಕರೆದು ಕೂರಿಸಿ ಕೇಳಿದ್ರು. ಪಾಸಾಗದಿದ್ರೆ ಹೋಗ್ಲಿ ಬಿಡಮ್ಮ, ಅದನ್ನ ನಾನು ಮೇಲಿನವರ ಹತ್ರ ಮಾತಾಡ್ತೀನಿ, ನಿಂಗೆ ಲೆಕ್ಕ ಬರುತ್ತೋ ಇಲ್ವೋ ಅಷ್ಟು ಹೇಳು ಸಾಕು, ನೀನು ಬರುತ್ತೆ ಅಂದ್ರೆ ನಾನು ನಂಬ್ತೀನಿ ಅಂದ್ರು."

"ನೀವೇನಂದ್ರಿ?"

"ಬರಲ್ಲ ಅಂದೆ."

ಅದನ್ನು ಹೇಳುವಾಗ ಅವರ ದನಿಯಲ್ಲಿ ನನ್ನ ಮೇಲೆ ಎಳ್ಳಷ್ಟೂ ಕೋಪವಿರಲಿಲ್ಲ. ಒಳಗಿನಿಂದ ಯಾರೋ ಅಕ್ಕಾ ಎಂದು ಕೂಗಿದರು. ಕಾಗದವನ್ನು ಸ್ಟೂಲಿನ ಮೇಲೆ ಇಡಿ, ಕೈ ಒಣಗಿದ ಮೇಲೆ ತೆಗೆದುಕೊಳ್ಳುತ್ತೇನೆ ಎಂದು ಹೇಳಿ ಅವರು ಒಳಗೆ ಹೋದರು.